ಅಟ್ಟೆಯ ಮೇಲಿನ ಅಚ್ಚು

ಅಪಘಾತದಲ್ಲಿ ನಜ್ಜುಗುಜ್ಜಾದ ಗಾಡಿಗಳನ್ನು ತಪಾಸಣೆ ಮಾಡುವ ಇನ್ಸ್‌ಪೆಕ್ಟರಿಗೆ ಕಚೇರಿಯವರು ಇಟ್ಟ ಹೆಸರು ಚಪ್ಪಲಿ ಸಾಹೇಬರು. ಯಾರು ಸತ್ತರೂ ಅವರು ಮೊದಲು ಕೇಳುತ್ತಿದ್ದದ್ದು ಡ್ರೈವರನ ಕಾಲಲ್ಲಿದ್ದ ಮೆಟ್ಟು. "ಸತ್ತವನ ಮೇಲೆ ಗೂಬೆ ಕೂರಿಸೋದು ಸುಲಭ. ಎದ್ದು ಬಂದು ಜಗಳ ಆಡಲ್ಲವಲ್ಲ," ಎಂದು ಗೊಣಗುತ್ತಿದ್ದರು.

ಈ ಸಲ ಲಾರಿಯೊಂದು ಸೇತುವೆಯ ಕಂಬಕ್ಕೆ ಗುದ್ದಿತ್ತು. ಡ್ರೈವರ್ ತೂಕಡಿಸಿದ ಎಂದು ಹೇಳಿ ಮಾಲೀಕ ಕೈ ತೊಳೆದುಕೊಂಡಿದ್ದ. ಸಾಹೇಬರು ಕೇಳಿದರೆಂದು ಸತ್ತವನ ಹೆಂಡತಿ ಅವನ ಬೂಟುಗಳನ್ನು ತಂದಳು, ಚೆನ್ನಾಗಿ ಒರೆಸಿ, ಪಾಲಿಶ್ ಹಾಕಿ. ಗುರುತೆಲ್ಲ ಅಳಿಸಿಹೋಯಿತೇನೋ ಎಂದು ಸಾಹೇಬರು ಬೂಟುಗಳನ್ನು ತಟ್ಟನೆ ಮಗುಚಿ ನೋಡಿದರು. ಪುಣ್ಯಕ್ಕೆ ಅವಳು ಅಡಿಯ ಅಟ್ಟೆಯನ್ನು ಮುಟ್ಟಿರಲಿಲ್ಲ. ಬಲಗಾಲಿನ ಅಟ್ಟೆಯಲ್ಲಿ ಬ್ರೇಕ್ ಪೆಡಲಿನ ಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು.

"ನೋಡಮ್ಮ, ಗುದ್ದೋ ಹೊತ್ತಲ್ಲಿ ನಿಮ್ಮ ಯಜಮಾನ್ರು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬ್ರೇಕ್ ತುಳಿದಿದ್ದಾರೆ. ನಿದ್ದೆ ಹೋದೋರ ಬೂಟಿನ ಮೇಲೆ ಈ ಅಚ್ಚು ಬೀಳಲ್ಲ. ಬ್ರೇಕಿನ ಪೈಪೇ ಸವೆದು ತೂತಾಗಿತ್ತು. ತಪ್ಪು ಅವರದ್ದಲ್ಲ ಅಂತ ಬರೀತೀನಿ."

ಒಂದು ಒಳ್ಳೆಯ ಮಾತು ಹೇಳಿದೆನೆಂದು ಸಾಹೇಬರಿಗೆ ಮನಸ್ಸು ಹಗುರಾಯಿತು. ಅವಳು ಆ ಗೆರೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ನಿದ್ದೇಲೇ ಹೋದ್ರು, ಅವರಿಗೇನೂ ಗೊತ್ತಾಗಿಲ್ಲ ಅಂತ ಮಕ್ಕಳಿಗೆ ಹೇಳಿದ್ದೆ, ಸಾರ್."