ಲಿಫ್ಟ್ ಮಾಮನ ಜೇಬಿನ ಮೂರು ಫ್ಯೂಸು

ನಮ್ಮ ಕಟ್ಟಡದ ಲಿಫ್ಟ್ ರಿಪೇರಿಗೆ ಬರುವಾತ ಹೆಂಡತಿಗೆ ಹೆದರುವ ಪ್ರಾಣಿ ಎಂದೇ ನಾನು ಬಹಳ ಕಾಲ ನಂಬಿದ್ದೆ. ಬಂದವನೇ ಮೊಬೈಲನ್ನು ಕಾವಲುಗಾರನ ಮೇಜಿನ ಖಾನೆಗೆ ಹಾಕಿ, "ಮನೆಯವಳು ಫೋನ್ ಮಾಡಿದ್ರೆ, ಕೆಲಸ ಮುಗಿಸಿ ಮಾತಾಡ್ತಾನೆ ಅನ್ನಪ್ಪ" ಎನ್ನುತ್ತಿದ್ದ. ತಪ್ಪಿಸಿಕೊಳ್ಳಲು ಎಂಥ ಉಪಾಯ! ನಕ್ಕೆ, ಸುಳ್ಳೇಕೆ, ಹೊಟ್ಟೆಕಿಚ್ಚೂ ಪಟ್ಟೆ.

ಮಕ್ಕಳ ಬಾಯಲ್ಲಿ ಅವನು ಲಿಫ್ಟ್ ಮಾಮ. ಇಪ್ಪತ್ತಾರು ವರ್ಷದ ಕಸುಬು, ಗ್ರೀಸು ಕುಡಿದ ಉಗುರು. ಲಿಫ್ಟು ಓಡಾಡುವ ಬಾವಿಗೆ ಇಳಿಯುವ ಮುನ್ನ ಕರೆಂಟಿನ ಪೆಟ್ಟಿಗೆಯ ಮೂರೂ ಫ್ಯೂಸು ಕಿತ್ತು, ಅಂಗಿಯ ಜೇಬಿಗಿಳಿಸಿ ಗುಂಡಿ ಹಾಕಿಕೊಳ್ಳುತ್ತಿದ್ದ. ಅದೇ ಕಸುಬಿನ ಅವನ ಅಣ್ಣ ಹಿಂದೊಮ್ಮೆ ಬಾವಿಯೊಳಗೆ ಫೋನು ಬಡಿದುಕೊಂಡಿತೆಂದು ಹಿಡಿದದ್ದನ್ನು ಬಿಟ್ಟು "ಹಲೋ" ಅಂದಿದ್ದ. ಈಗ ಆ ಅಣ್ಣನಿಗೆ ಉಳಿದಿರುವುದು ಒಂದೇ ಕೈ.

ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಗಳಿಗೆ ಕೈ ಎರಡು, ಫೋನೂ ಎರಡು. ಕಟ್ಟಡದವರನ್ನೆಲ್ಲ ಸೇರಿಸಿ ಫೋನಿನಲ್ಲಿ 'ಸುರಕ್ಷಾ ಬಳಗ' ಕಟ್ಟಿದವರು ಅವರೇ. "ಕೈಯಲ್ಲಿ ಫೋನಿದ್ರೆ ಯಮನೂ ಕೇಳ್ಕೊಂಡೇ ಬರ್ಬೇಕು ಕಣ್ರೀ" ಎನ್ನುವ ಮಹಾನುಭಾವರು.

ಹೋದ ತಿಂಗಳು ಮಾಮ ಲಿಫ್ಟಿನ ಅಡಿಯಲ್ಲಿ ಕೂತು ಬೋಲ್ಟು ಬಿಗಿಯುತ್ತಿದ್ದ. ನಾಲ್ಕನೇ ಮಹಡಿಯಲ್ಲಿದ್ದ ಕಾರ್ಯದರ್ಶಿಗಳಿಗೆ ಎರಡು ನಿಮಿಷ ಸುತ್ತಿಗೆಯ ಸದ್ದು ಕೇಳಲಿಲ್ಲ. ಕೆಲಸ ಮುಗಿಯಿತೆಂದು ತೀರ್ಮಾನಿಸಿದರು. ಇಳಿದು ಬಂದು ಬಗ್ಗಿ ನೋಡಬಹುದಿತ್ತು. ಎರಡು ಫೋನಿನವರು ಮೆಟ್ಟಿಲು ಇಳಿಯುತ್ತಾರೆಯೇ? ಒಂದು ಫೋನಿನಲ್ಲಿ ಕಾವಲುಗಾರನಿಗೆ, "ಮುಗೀತು ಕಣೋ, ಸ್ವಿಚ್ ಹಾಕು" ಎಂದರು. ಇನ್ನೊಂದರಲ್ಲಿ ಬಳಗಕ್ಕೆ 'ಲಿಫ್ಟ್ ಸಿದ್ಧ' ಎಂದು ಸಾರಿದರು. ಹನ್ನೊಂದು ಜನ ಕೈಮುಗಿದ ಚಿತ್ರ ಕಳಿಸಿದೆವು. ಹೌದು, ನಾನೂ ಒಬ್ಬ.

ಮೂರನೇ ಮಹಡಿಯ ಅತ್ತೆಮ್ಮ ಆಗಲೇ ಕೆಳಗೆ ಲಿಫ್ಟಿನ ಗುಂಡಿ ಒತ್ತಿ ನಿಂತಿದ್ದರು. ಕಾವಲುಗಾರ ಸ್ವಿಚ್ ಹಾಕಿದ. ಏನೂ ಆಗಲಿಲ್ಲ.

"ಕರೆಂಟೇ ಬರ್ತಿಲ್ಲ ಸಾರ್!" ಎಂದು ಅವನು ಮೇಲಕ್ಕೆ ಕೂಗಿದ.

ಕೆಳಗಿನಿಂದ ದನಿ ಬಂತು: "ಯಾವನಯ್ಯಾ ಸ್ವಿಚ್ ಮುಟ್ಟಿದ್ದು?"

ಕಾವಲುಗಾರ ಸ್ವಿಚ್ ಆರಿಸಿದ. ಮಾಮ ಮೇಲೆ ಹತ್ತಿ ಬಂದು ಜೇಬಿನ ಗುಂಡಿ ಬಿಚ್ಚಿದ. ಅಂಗೈಯಲ್ಲಿ ಮೂರು ಫ್ಯೂಸು.

ಅಷ್ಟರಲ್ಲಿ ಕಾರ್ಯದರ್ಶಿಗಳು ಕೊನೆಗೂ ಮೆಟ್ಟಿಲಿಳಿದು ಬಂದರು. ಕ್ಷಮೆ ಕೇಳಲಲ್ಲ, ಬುದ್ಧಿ ಹೇಳಲು.

"ನೋಡಿದ್ಯಾ? ಹತ್ರ ಫೋನಿದ್ದಿದ್ರೆ ನಿನ್ನನ್ನೇ ಕೇಳ್ತಿದ್ದೆ. ಅಲ್ಲಯ್ಯಾ, ಲಿಫ್ಟು ಮೈಮೇಲೇ ಬಂತು ಅನ್ಕೋ. ಫೋನಿಲ್ದೆ ಮನೆಯವರಿಗೆ ಹೇಗೆ ಹೇಳ್ತೀಯ?"

ಮಾಮ ಫ್ಯೂಸು ಒರೆಸುತ್ತಲೇ ಇದ್ದ.

"ನಾನ್ಯಾಕ್ ಹೇಳ್ಲಿ ಸ್ವಾಮಿ? ನೀವೇ ಹೇಳ್ಬೇಕು. ನನ್ ಹೆಂಡ್ತಿ ನಂಬರು ಆ ಖಾನೇಲಿರೋ ಫೋನಲ್ಲಿದೆ."