ಹೊರಗಿನಿಂದ ಹಾಕಿದ ಚಿಲಕ

ಹೆಜ್ಜೇನಿನ ಹೆಸರೆತ್ತಿದರೆ ನನಗೆ ಈಗಲೂ ಅಂಗೈ ಬೆವರುತ್ತದೆ. ಕಾಳಿಂಗ ಬಂತು ಅನ್ನಿ, ಕಾಡುಕೋಣ ಬಂತು ಅನ್ನಿ, ಒಂದು ಕೋಲು ಹಿಡಿದು ನಿಂತೇನು. ಜೇನಿನ ವಿಷಯದಲ್ಲಿ ಮಾತ್ರ ನಾನು ಶುದ್ಧ ಪುಕ್ಕಲಿ. ಅದಕ್ಕೆ ಕಾರಣ ನನ್ನ ಮಗಳು.

ನಮ್ಮದು ಹೊಸನಗರದಲ್ಲಿ ಶಾಮಿಯಾನ ಮತ್ತು ಸೌಂಡ್ಸ್. ಶಾಮಿಯಾನ, ಕುರ್ಚಿ, ಪಾತ್ರೆ ಯಜಮಾನರದು. ಸ್ಪೀಕರ್, ಮೈಕು, ಜನರೇಟರ್ ನನ್ನದು. ಅಪ್ಪ ಮೈಕ್ ಸೆಟ್ ಇಟ್ಟಿದ್ದರು, ಅವರ ನಂತರ ಅದು ನನ್ನ ಕೈಗೆ ಬಂತು. ಹೆಂಗಸು ಜನರೇಟರ್ ನಡೆಸುತ್ತಾಳೆ ಅಂತ ಕಿಸಕ್ಕನೆ ನಕ್ಕವರೇ, ಮಗಳ ಮದುವೆ ದಿನ ಕರೆಂಟ್ ಹೋದಾಗ "ಅಕ್ಕಾ, ಎಲ್ಲಿದ್ರಿ, ಬೇಗ ಬನ್ನಿ" ಅಂತ ಹಲ್ಲು ಗಿಂಜಿದರು. ಅದು ಹಾಗಿರಲಿ. ನನ್ನ ಮಗಳು ವಯರುಗಳ ನಡುವೆಯೇ ಬೆಳೆದವಳು. ಕೆಲವು ವರ್ಷಗಳ ಹಿಂದೆ ಒಂದು ಮದುವೆ ಮುಗಿದು ವಯರು ಸುತ್ತುತ್ತಿದ್ದಾಗ ಅವಳ ಕುತ್ತಿಗೆಗೆ ಜೇನು ಕಚ್ಚಿತು. ಒಂದೇ ಒಂದು. ನೋಡನೋಡುತ್ತಿದ್ದಂತೆ ತುಟಿ ಊದಿತು, ಕಣ್ಣು ಮುಚ್ಚಿತು, ಉಸಿರು ಎಳೆದರೆ ಸಿಳ್ಳೆ ಹಾಕಿದ ಹಾಗೆ ಸದ್ದು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಉಳಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಈ ಹುಡುಗಿ ಮೈಗೆ ಜೇನಿನ ವಿಷ ಆಗಿಬರಲ್ಲ ಕಣಮ್ಮ. ಇನ್ನೊಂದ್ಸಲ ಕಚ್ಚಿದ್ರೆ ಉಳಿಸ್ತೀನಿ ಅಂತ ನಾನು ಮಾತು ಕೊಡಲ್ಲ" ಅಂದರು. ಅಂದಿನಿಂದ ಅವಳ ಬ್ಯಾಗಿನಲ್ಲಿ ಒಂದು ಇಂಜೆಕ್ಷನ್ ಇರುತ್ತದೆ. ಅವಳು ಅದನ್ನು ಬ್ಯಾಗಿಗೆ ಹಾಕಿ ಮರೆತುಬಿಟ್ಟಳು. ನನಗೆ ಮರೆಯಲಾಗಲಿಲ್ಲ.

ಅವಳು ಡಿಜೆ ಆಗುತ್ತೇನೆ ಅಂದಾಗ ನಾನು ಹಣೆ ಚಚ್ಚಿಕೊಂಡೆ. ನಮ್ಮ ಕಡೆ ಡಿಜೆ ಅಂದರೆ ಗಣಪತಿ ಬಿಡುವ ದಿನ ಟ್ರ್ಯಾಕ್ಟರ್ ಮೇಲೆ ಡಬ್ಬ ಪೇರಿಸಿ ಊರಿನ ಮುದುಕರ ಎದೆ ಒಡೆಸುವುದು. ಅವಳದು ಅದಲ್ಲವಂತೆ. ಮಹಡಿ ಕೋಣೆಯಲ್ಲಿ ಗುಂಡಿಗಳ ಪೆಟ್ಟಿಗೆ ಇಟ್ಟುಕೊಂಡು ಅಭ್ಯಾಸ ಮಾಡುತ್ತ, "ಇದು ಹೌಸ್ ಅಮ್ಮ, ಇದು ಟೆಕ್ನೋ" ಅಂತ ಪಾಠ ಹೇಳುತ್ತಿದ್ದಳು. ನನಗೆ ತಲೆಗೆ ಹೋಗಿದ್ದು ಇಷ್ಟು: ಹೌಸ್ ಅಂದರೆ ಒನಕೆ ಹಿಡಿದು ಭತ್ತ ಕುಟ್ಟಿದ ಹಾಗೆ, ಸೊಂಟ ತಾನಾಗಿಯೇ ಆಡುತ್ತದೆ. ಟೆಕ್ನೋ ಅಂದರೆ ಅಕ್ಕಿ ಮಿಲ್ಲು ಚಾಲೂ ಮಾಡಿದ ಹಾಗೆ, ಯಾರಿಗೂ ಕಾಯುವುದಿಲ್ಲ. ನಡುವೆ ಎಲ್ಲೋ ಹೊಡೆತ ಪೂರ್ತಿ ನಿಂತು ಬರೀ ಸುಂಯ್ ಅನ್ನುವುದು.

"ಇಲ್ಲಿ ಬೇಕಂತಲೇ ತೆಗೀತೀನಿ. ಜನ ಕಾಯ್ತಾರೆ. ಕಾಯ್ಸಿ ಕಾಯ್ಸಿ ಆಮೇಲೆ ಕೊಡ್ತೀನಿ" ಅಂದಳು.

"ಎಂಥಕ್ಕೆ ಕಾಯ್ಸೋದು? ಕೊಡೋದಾದ್ರೆ ಕೊಟ್ಟು ಕೈ ತೊಳ್ಕೋ" ಅಂದೆ. ಬಿದ್ದು ಬಿದ್ದು ನಕ್ಕಳು.

ಮಂಗಳೂರು, ಗೋವಾ ಕಡೆಯಿಂದ ಅವಳಿಗೆ ಕರೆ ಬರತೊಡಗಿತು. ನನಗೆ ಅದು ಹಿಡಿಸಲೂ ಇಲ್ಲ, ಬೇಡ ಅನ್ನಲೂ ಆಗಲಿಲ್ಲ. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಸಾಗರದ ಒಬ್ಬ ಗಡ್ಡದ ಹುಡುಗ ಮನೆಗೆ ಬಂದ. ಕೋಣಂದೂರಿನ ದಾರಿಯಲ್ಲಿ ಮುಚ್ಚಿಹೋದ ಒಂದು ಅಕ್ಕಿ ಮಿಲ್ಲಿನಲ್ಲಿ ಕ್ಲಬ್ ನೈಟ್ ಮಾಡುತ್ತಾನಂತೆ, ಗೋವಾದಿಂದ ಒಬ್ಬ ಗೆಸ್ಟ್ ಡಿಜೆ, ಇನ್ನೊಬ್ಬ ಗೆಸ್ಟ್ ನನ್ನ ಮಗಳು. ಸೌಂಡು ನನ್ನದು.

"ಇದು ಅಂಡರ್‌ಗ್ರೌಂಡ್ ಆಂಟಿ. ಪೋಸ್ಟರ್ ಇಲ್ಲ, ಏನಿಲ್ಲ. ಗೊತ್ತಿದ್ದೋರು ಗೊತ್ತಿದ್ದೋರಿಗೆ ಹೇಳೋದು" ಅಂದ.

"ಹಂಗಾದ್ರೆ ನಮ್ಮ ಕಡೆ ಸೀಮಂತನೂ ಅಂಡರ್‌ಗ್ರೌಂಡೇ ಬಿಡು ಮಾರಾಯ" ಅಂದೆ. ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕುವಂತಿಲ್ಲವಲ್ಲ, ಏನು ಮಾಡುತ್ತೀಯ ಅಂತ ಕೇಳಿದ್ದಕ್ಕೆ, ಹಗಲಲ್ಲೇ ರಾತ್ರಿ ಮಾಡುತ್ತೇವೆ ಅಂದ. ಕಿಟಕಿಗಳಿಗೆಲ್ಲ ಕಪ್ಪು ಟಾರ್ಪಾಲು ಹೊಡೆದು, ಮಧ್ಯಾಹ್ನ ಶುರುಮಾಡಿ ಕತ್ತಲಾಗುವಾಗ ಮುಗಿಸುವುದು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಊರೂರು ಸುತ್ತಿದ ಹುಡುಗಿಗೆ ತನ್ನ ಊರಿನ ಹತ್ತಿರ ಮೊದಲ ಸಲ ಸಿಕ್ಕ ಅವಕಾಶ. ಆಗಲಿ ಅಂದೆ.

ಆ ದಿನ ಯಜಮಾನರಿಗೆ ಸಾಗರದಲ್ಲಿ ಗೃಹಪ್ರವೇಶದ ಕೆಲಸ. ನಾನೊಬ್ಬಳೇ ಲಗೇಜ್ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೋದೆ. ಮಿಲ್ಲಿನ ಅಂಗಳಕ್ಕೆ ಗಾಡಿ ತಿರುಗಿಸಿ ಇಳಿದವಳು ತಲೆ ಎತ್ತಿ ನೋಡಿ ಗಾಡಿಯ ಬಾಗಿಲಿಗೇ ಅಂಟಿ ನಿಂತೆ. ಅಂಗಳದ ಬೂರುಗದ ಮರದ ಕೊಂಬೆ ಕೊಂಬೆಗೂ ಹೆಜ್ಜೇನು. ಮೊರದಗಲದ ಹುಟ್ಟುಗಳು ಕಪ್ಪಗೆ ಜೋತಾಡುತ್ತಿದ್ದವು.

"ಇಲ್ಲಿ ಬೇಡ. ಸಾಮಾನು ಇಳ್ಸಲ್ಲ ನಾನು" ಅಂದೆ.

ಮಿಲ್ಲಿನ ಯಜಮಾನರು ಎಲೆ ಅಡಿಕೆ ಜಗಿಯುತ್ತ, "ವರ್ಷಾ ವರ್ಷಾ ಕಟ್ತವೆ ತಂಗಿ. ಇಲ್ಲಿ ತನಕ ಯಾರಿಗೂ ಎಂತ ಮಾಡಿಲ್ಲ. ಮಿಲ್ಲು ಓಡ್ತಿದ್ದಾಗ್ಲೇ ಏಳ್ಲಿಲ್ಲ, ನಿಮ್ಮ ಹಾಡು ಪಾಟಕ್ಕೆ ಏಳ್ತಾವಾ?" ಅಂದರು. ಕೀಲಿ ಕೊಟ್ಟು ಮನೆಗೆ ಹೋದರು. ಗಡ್ಡದ ಹುಡುಗನ ಕಾರಿನಲ್ಲಿ ಮೊದಲೇ ಬಂದಿದ್ದ ಮಗಳು ನನ್ನ ತೋಳು ಹಿಡಿದು, "ನಾನು ಒಳಗೇ ಇರ್ತೀನಮ್ಮ. ಕಾರಿಂದ ಇಳ್ದು ಒಳಗೆ, ಒಳಗಿಂದ ಕಾರಿಗೆ. ಆಯ್ತಾ?" ಅಂದಳು. ಜನ ಆಗಲೇ ಉಡುಪಿಯಿಂದ, ಶಿವಮೊಗ್ಗದಿಂದ ಬೈಕು ಏರಿ ಹೊರಟಿದ್ದರು. ಅವಳ ಕಣ್ಣು ನೋಡಿ ನನ್ನ ಹಟ ಸಡಿಲವಾಯಿತು. ಸ್ಪೀಕರುಗಳನ್ನು ಮರದ ಕಡೆಗೆ ಬೆನ್ನು ಮಾಡಿ ಇಟ್ಟೆ. ಜನರೇಟರನ್ನು ಬಾಗಿಲ ಪಕ್ಕದ ಗೋಡೆಯ ಮರೆಗೆ ನಿಲ್ಲಿಸಿದೆ.

ಒಳಗೆ ಹಾಡಹಗಲೇ ಅಮಾವಾಸ್ಯೆ. ಒಂದೆರಡು ಕೆಂಪು ದೀಪ, ಹೊಗೆ, ಮಕ್ಕಳ ಬೆವರಿನ ವಾಸನೆ. ಗೋವಾದವನು ಹೌಸ್ ಹಾಕಿದ. ನಾನು ಹೊರಗೆ ಬಂದು ಜನರೇಟರ್ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಳಗಿನ ಒಂದೊಂದು ಏಟಿಗೂ ಮರ ನೋಡುತ್ತಿದ್ದೆ. ಇಷ್ಟು ಹೆದರಿಕೆಯಲ್ಲಿ ನಾನು ಯಾವ ಮದುವೆಯನ್ನೂ ಕಾದವಳಲ್ಲ. ಜೇನು ಅಲುಗಲಿಲ್ಲ. ಮಿಲ್ಲಿನ ಯಜಮಾನರು ಹೇಳಿದ್ದೇ ಸರಿ ಅನ್ನಿಸತೊಡಗಿತು.

ಬಿಸಿಲು ಬಾಗುವ ಹೊತ್ತಿಗೆ ಮಗಳ ಸರದಿ. ಸಿಗರೇಟು ಸೇದಲು ಹೊರಗೆ ಬಂದಿದ್ದವರೆಲ್ಲ ಅರ್ಧಕ್ಕೇ ಎಸೆದು ಒಳಗೆ ನುಗ್ಗಿದರು. ಬಾಗಿಲು ಮುಚ್ಚಿತು. ನನಗೆ ಹೆಮ್ಮೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಂಗಳದಲ್ಲಿ ನಾನೊಬ್ಬಳೇ ಉಳಿದೆ.

ಆಗ ಗಿಡುಗ ಬಂತು. ಜೇನು ಕೀಳುವ ದೊಡ್ಡ ಗಿಡುಗ. ಎಲ್ಲಿಂದಲೋ ತೇಲಿ ಬಂದು ಕಾಲು ಚಾಚಿ ಒಂದು ಹುಟ್ಟಿಗೆ ಬಡಿದು, ಎರಿಯ ತುಂಡು ಕಿತ್ತುಕೊಂಡು ತನ್ನ ಪಾಡಿಗೆ ಹೋಯಿತು. ಪಾಟವೂ ಅಲ್ಲ, ಹೊಗೆಯೂ ಅಲ್ಲ, ಒಂದು ಹಕ್ಕಿ! ಮರದಿಂದ ಕಪ್ಪು ಕಂಬಳಿ ಕೊಡವಿದ ಹಾಗೆ ಜೇನು ಎದ್ದಿತು.

ನಾನು ಓಡಿದೆ. ಗಾಡಿಯ ಒಳಗೆ ಬಿದ್ದು ಬಾಗಿಲೆಳೆದು ಗಾಜು ಏರಿಸಿದೆ. ಅಷ್ಟರಲ್ಲೇ ಕೆನ್ನೆಗೆ, ಕಿವಿಗೆ ಕಚ್ಚಿಯಾಗಿತ್ತು. ಗಾಜಿನ ಮೇಲೆ ಮಳೆಗಲ್ಲು ಬಿದ್ದಂತೆ ಪಟಪಟ ಬಡಿಯುತ್ತಿದ್ದವು. ಬದುಕಿದೆಯಾ ಬಡಜೀವವೇ ಅಂದುಕೊಂಡು ಮಿಲ್ಲಿನ ಕಡೆ ನೋಡಿದೆ. ಒಳಗೆ ಕತ್ತಲು, ಟಾರ್ಪಾಲು ಬಿಗಿಯಾಗಿದೆ, ಬಾಗಿಲು ಮುಚ್ಚಿದೆ. ಜೇನು ಕತ್ತಲಿಗೆ ನುಗ್ಗುವುದಿಲ್ಲ. ಆ ಬಾಗಿಲು ಮುಚ್ಚಿರುವ ತನಕ ನನ್ನ ಮಗಳಿಗೆ ಭಯವಿಲ್ಲ. ಆದರೆ ಯಾವನಾದರೂ ಒಬ್ಬ ಬೀಡಿ ಸೇದಲು ತೆಗೆದರೆ? ಆಗ ನೆನಪಾಯಿತು, ಡೀಸೆಲ್! ಮಗಳ ಪಾಟ ಮುಗಿಯುವ ಮೊದಲು ಇನ್ನೊಂದು ಸಲ ಸುರಿಯಬೇಕಿತ್ತು. ಜನರೇಟರ್ ನಿಂತರೆ ಪಾಟ ನಿಲ್ಲುತ್ತದೆ. ಪಾಟ ನಿಂತರೆ ಎಲ್ಲರೂ ಏನಾಯಿತು ಅಂತ ಬಾಗಿಲು ತೆಗೆದು ಹೊರಗೆ ಬರುತ್ತಾರೆ. ಎಲ್ಲರಿಗಿಂತ ಮೊದಲು ಬರುವವಳು ಅವಳೇ, ಜನರೇಟರ್ ಅಮ್ಮನದಲ್ಲವಾ.

ಫೋನು ಮಾಡೋಣವೆಂದರೆ ಅಲ್ಲಿ ನೆಟ್‌ವರ್ಕಿನ ಕಡ್ಡಿ ಒಂದೂ ಇಲ್ಲ. ನಾನು ಗಾಡಿಯೊಳಗೆ ಕುಲದೇವರಿಗೆ ಹರಕೆ ಹೊರುತ್ತ, ಮಿಲ್ಲಿನ ಯಜಮಾನರಿಗೆ ಹಿಡಿಶಾಪ ಹಾಕುತ್ತ ಕೂತೆ. ಇಳಿಯಲಾರೆ ಅನ್ನಿಸಿತು. ನಿಜವಾಗಿ ಇಳಿಯಲಾರೆ ಅನ್ನಿಸಿತು. ಆಮೇಲೆ ಸೀಟಿನ ಹಿಂದಿದ್ದ ಶಾಮಿಯಾನದ ಬದಿಗೆ ಕಟ್ಟುವ ಪರದೆ ಎಳೆದು ತಲೆಯಿಂದ ಕಾಲಿನವರೆಗೆ ಸುತ್ತಿಕೊಂಡು ಇಳಿದೆ.

ಮೊದಲು ಬಾಗಿಲು. ಹೊರಗಿನ ಕಬ್ಬಿಣದ ಚಿಲಕ ಎಳೆದು ಹಾಕಿದೆ. ಅಷ್ಟು ಮಕ್ಕಳನ್ನು ಒಳಗೆ ಕೂಡಿಹಾಕುತ್ತಿದ್ದೇನೆ, ಬೆಂಕಿ ಗಿಂಕಿ ಹತ್ತಿದರೆ ದೇವರೇ ಗತಿ ಅಂದುಕೊಂಡೇ ಹಾಕಿದೆ. ಆಮೇಲೆ ಡೀಸೆಲ್ ಕ್ಯಾನು. ಓಡುವ ಜನರೇಟರಿಗೆ ಎಣ್ಣೆ ಸುರಿಯಬಾರದು ಅಂತ ಹತ್ತು ಜನಕ್ಕೆ ಬುದ್ಧಿ ಹೇಳಿದವಳು ನಾನು. ಪರದೆಯಿಂದ ಎರಡೂ ಕೈ ಹೊರಗೆ ಹಾಕಲೇಬೇಕಾಯಿತು. ಮುಂಗೈ ಮೇಲೆ ಜೇನು ಕೂತು ಕೂತು ಚುಚ್ಚುತ್ತಿದ್ದರೂ ಕ್ಯಾನು ಬಿಡದೆ ಸುರಿದೆ. ಬಾಯಿಬಿಟ್ಟು ಕಿರುಚಲಿಲ್ಲ. ಕಿರುಚಿದರೆ ಒಳಗೆ ಕೇಳಿಸೀತು ಅನ್ನುವ ಹೆದರಿಕೆ; ಒಳಗಿನ ಸದ್ದಿಗೆ ಗುಡುಗಿದರೂ ಕೇಳುತ್ತಿರಲಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ವಾಪಸು ಗಾಡಿಗೆ ಹೋಗಲು ಕಣ್ಣು ಕಾಣಲಿಲ್ಲ. ಗೋಡೆಗೂ ಜನರೇಟರಿಗೂ ನಡುವೆ ಪರದೆಯೊಳಗೆ ಮುದುಡಿಕೊಂಡೆ.

ಆ ಪರದೆಯೊಳಗೆ ನಾನು ನನ್ನ ಮಗಳ ಟೆಕ್ನೋವನ್ನು ಮೊದಲ ಸಲ ಪೂರ್ತಿ ಕೇಳಿದೆ. ಬೆನ್ನು ಗೋಡೆಗೆ ಒತ್ತಿತ್ತು, ಒಂದೊಂದು ಹೊಡೆತವೂ ಬೆನ್ನುಮೂಳೆಗೆ ತಾಗುತ್ತಿತ್ತು. ಹೊಡೆತ ಇದೆ ಅಂದರೆ ಅವಳು ಇದ್ದಾಳೆ. ಒಮ್ಮೆ ಯಾರೋ ಒಳಗಿನಿಂದ ಬಾಗಿಲು ದಬದಬ ಬಡಿದರು. ಕಿವಿಗೊಟ್ಟೆ. ಹೊಡೆತ ನಡೆಯುತ್ತಲೇ ಇತ್ತು, ಹಾಗಾದರೆ ಬಡಿಯುತ್ತಿರುವುದು ಅವಳಲ್ಲ. ಬಡಿದು ಬಡಿದು ಸುಮ್ಮನಾದರು. ಇನ್ನೊಮ್ಮೆ ಹೊಡೆತ ಫಕ್ಕನೆ ನಿಂತಿತು. ಬರೀ ಸುಂಯ್. ಮುಗಿಯಿತು, ಈಗ ಬರುತ್ತಾಳೆ, ಚಿಲಕ ಅಲುಗಾಡಿಸುತ್ತಾಳೆ, "ಅಮ್ಮಾ" ಅನ್ನುತ್ತಾಳೆ, ಆಗ ನಾನೇನು ಮಾಡಲಿ? ಉಸಿರು ಹಿಡಿದು ಕೂತೆ. ಅಯ್ಯೋ ಕೂಸೇ, ಕಾಯಿಸಬೇಡವೇ, ಕೊಟ್ಟುಬಿಡೇ ಅಂತ ಗೋಡೆಗೆ ಹಣೆ ಹಚ್ಚಿ ಅತ್ತೆ. ಎಷ್ಟೋ ಹೊತ್ತಾದ ಮೇಲೆ ಹೊಡೆತ ಮರಳಿ ಬಂತು. ಒಳಗೆ ಮಕ್ಕಳೆಲ್ಲ ಹೋ ಅಂತ ಕೂಗಿದರು. ಹೊರಗೆ ನಾನೂ ಕೂಗಿದೆ.

ಕತ್ತಲು ಕವಿಯುತ್ತಿದ್ದಂತೆ ಜೇನು ಮರಕ್ಕೆ ಮರಳಿದವು. ಒಳಗೆ ಪಾಟ ಇಳಿದು ಇಳಿದು ನಿಂತಿತು, ಚಪ್ಪಾಳೆ ಬಿತ್ತು. ನಾನು ತಡವರಿಸಿ ಎದ್ದು ಪರದೆ ಬಿಸಾಡಿ ಚಿಲಕ ತೆಗೆದೆ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ನಾಲಿಗೆ ದಪ್ಪವಾಗಿ ಬಾಯಿ ತುಂಬಿತ್ತು. "ಯಾರ್ರೀ ಲಾಕ್ ಮಾಡಿದ್ದು?" ಅಂತ ಯಾರೋ ರೇಗಿದರು. ಅವರನ್ನೆಲ್ಲ ಸರಿಸಿಕೊಂಡು ಮಗಳು ಓಡಿಬಂದಳು. ಆ ಮಬ್ಬಿನಲ್ಲಿ ನನ್ನ ಮುಖ ಅವಳಿಗೆ ಕಾಣಲಿಲ್ಲ.

"ಅಮ್ಮಾ! ಕೇಳಿದ್ಯಾ? ಪೂರ್ತಿ ಕೇಳಿದ್ಯಾ?" ಅನ್ನುತ್ತ ಎರಡೂ ತೋಳು ಚಾಚಿ ತಬ್ಬಲು ಬಂದಳು.

ನನ್ನ ಸೆರಗಿನ ಒಳಗೆ, ಜಡೆಯೊಳಗೆ ಇನ್ನೂ ಗುಂಯ್ ಅನ್ನುತ್ತಿತ್ತು. ಎರಡೂ ಕೈಯಿಂದ ಅವಳ ಎದೆಗೆ ಬಲವಾಗಿ ದೂಡಿದೆ. ಅಂಗಾತ ಬಿದ್ದಳು. "ಮುಟ್ಬೇಡ! ದೂರ ಹೋಗೇ!" ಅಂತ ಅರಚಿದೆ.

ಅವಳು ಬಿದ್ದಲ್ಲೇ ಕೂತು, "ಇಷ್ಟು ಬ್ಯಾಸರ ಇದ್ರೆ ಎಂಥಕ್ಕಮ್ಮ ಬಂದೆ?" ಅಂದಳು. ಹೇಳೋಣವೆಂದರೆ ನಾಲಿಗೆ ಹೊರಳಲಿಲ್ಲ. ಗಡ್ಡದ ಹುಡುಗ ಮೊಬೈಲ್ ಬೆಳಕನ್ನು ನನ್ನ ಮುಖಕ್ಕೆ ಹಿಡಿದವನು "ಅಯ್ಯೋ ಆಂಟಿ" ಅಂತ ಹಿಂದೆ ಸರಿದ. ಮಗಳು ನೋಡಿದಳು. ಎದ್ದು ಮತ್ತೆ ನನ್ನ ಕಡೆ ಹೆಜ್ಜೆ ಇಟ್ಟಳು. ನಾನು ಮತ್ತೆ ಕೈ ಎತ್ತಿದೆ. "ಜೇನು" ಅನ್ನುವ ಒಂದು ಮಾತು ಹೇಗೋ ಹೊರಬಂತು. ಆಗ ನಿಂತಳು.

ತೀರ್ಥಹಳ್ಳಿಗೆ ನನ್ನನ್ನು ಒಂದು ಕಾರಿನಲ್ಲಿ, ಅವಳನ್ನು ಗಾಜು ಏರಿಸಿದ ಇನ್ನೊಂದು ಕಾರಿನಲ್ಲಿ ಕರೆದೊಯ್ದರು. ಆಸ್ಪತ್ರೆಯಲ್ಲಿ ನರ್ಸು ನನ್ನ ಸೀರೆ ಬಿಚ್ಚಿಸಿ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿದಳು. ಜಡೆ ಬಿಚ್ಚಿ ಬಾಚಿದಳು, ಮುಳ್ಳು ಕೀಳಲು ಕೂತಳು. ಇಂಜೆಕ್ಷನ್, ಸಲೈನು ಎಲ್ಲ ಆಯಿತು. ಮಗಳು ಬಾಗಿಲ ಹೊರಗೆ ನಿಂತಿದ್ದಳು. ಪ್ಯಾಂಟಿನ ಹಿಂದೆಲ್ಲ ಅಂಗಳದ ಮಣ್ಣು, ಮುಖ ಅತ್ತು ಕೆಂಪಾಗಿತ್ತು. ಒಳಗೆ ಬರಲು ಅವಳಿಗೆ ಯಾರೂ ಅಡ್ಡ ಇರಲಿಲ್ಲ. ನಾನು ಕರೆಯಲೆಂದು ಕಾಯುತ್ತಿದ್ದಳು.

"ಇನ್ನು ಒಂದು ಜೇನೂ ಇಲ್ಲಮ್ಮ" ಅಂದಳು ನರ್ಸು.

"ಕಿವಿ ಹಿಂದೆ ಇನ್ನೊಂದ್ಸಲ ನೋಡೇ ತಾಯಿ" ಅಂದೆ. ನೋಡಿದಳು. ಇಲ್ಲ ಅಂದಳು. ತಲೆದಿಂಬು ಕೊಡವಿಸಿದೆ, ಹೊದಿಕೆ ಕೊಡವಿಸಿದೆ. ಆಮೇಲೆ ಬಾಗಿಲ ಕಡೆ ತಿರುಗಿ, ಹೊರಳದ ನಾಲಿಗೆಯಲ್ಲೇ "ಈಗ ಬಾರೇ" ಅಂದೆ.