ಪಂದ್ಯಕ್ಕೆ ಬೆನ್ನು, ಎಣ್ಣೆಗೆ ಮುಖ

ದೀಪಾವಳಿ ಪಾಡ್ಯದ ಬೆಳಗು. ಗುಡೂರಿನ ಓಣಿಯಲ್ಲಿ ಕೋಳಿಗಳು ಇನ್ನೂ ಪೂರ್ತಿ ಕೂಗಿ ಮುಗಿಸಿಲ್ಲ. ಲಗಮವ್ವ ಹೊಸ್ತಿಲ ಎರಡೂ ಬದಿಗೆ ಸೆಗಣಿಯ ಪಾಂಡವರನ್ನು ಕೂರಿಸಿ, ಅವರ ನೆತ್ತಿಗೆ ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಕ್ಕಿಸಿ, ಕೈ ತೊಳೆದು ಒಳಗೆ ಬರುತ್ತಾರೆ. ಪಡಸಾಲೆಯಲ್ಲಿ ಎರಡು ಚೀಲ ಹಸಿಮೆಣಸಿನಕಾಯಿ ಕಾಯುತ್ತಿವೆ. ಕಾಲು ಚಾಚಿ ಕೂತು, ಒಂದೊಂದೇ ಕಾಯಿಯ ತೊಟ್ಟು ಹಿಡಿದು, ಹೊಟ್ಟೆ ಸೀಳಿ, ಜೀರಿಗೆ ಉಪ್ಪಿನ ಪುಡಿ ಸವರಿ ಪಕ್ಕದ ಬುಟ್ಟಿಗೆ ಹಾಕುತ್ತಾರೆ. ಕಣ್ಣು ಕಾಯಿಯ ಮೇಲಿಲ್ಲ, ಬಾಗಿಲಾಚೆ ಎಲ್ಲೋ ಇದೆ. ಬೆರಳಿಗೆ ದಾರಿ ಗೊತ್ತು. ಬಿಸಿಲು ಅಂಗಳಕ್ಕೆ ಬರುವಷ್ಟರಲ್ಲಿ ಒಂಬೈನೂರು ಕಾಯಿ ಸೀಳಿ ಮುಗಿಯಬೇಕು.

"ತೊಟ್ಟ ಮುರೀಬಾರದ್ರಿ. ತೊಟ್ಟ ಹಿಡದ ತಿನ್ನಬೇಕು, ತೊಟ್ಟ ಒಗದ ಎದ್ದ ಹೋಗಬೇಕು. ತೊಟ್ಟಿಲ್ಲದ ಮಿರ್ಚಿ ಅಂದ್ರ ಹಿಡಿಕಿಲ್ಲದ ಬಾಗಲಿದ್ಹಂಗ" ಎನ್ನುತ್ತಾರೆ. ಒಳಗೆ ಸೊಸೆ ನಾಗರತ್ನಾ ಹೋಳಿಗೆಗೆ ಕಣಕ ನಾದುತ್ತಿದ್ದಾಳೆ. ಅತ್ತೆ ತಿನ್ನುವುದು ನಾಳೆಗೆ, ಆರಿದ ಮೇಲೆ. ಇದು ಆ ಮನೆಯ ಪ್ರತಿವರ್ಷದ ದೀಪಾವಳಿ.

ಐವತ್ಮೂರರ ಲಗಮವ್ವನನ್ನು ಊರು ಕರೆಯುವುದು ಮಿರ್ಚಿ ಲಗಮವ್ವ ಅಂತಲೇ. ದೀಪಾವಳಿಯ ರಜೆಯಲ್ಲಿ ಗುಡೂರಿನ ಶಾಲೆ ಮೈದಾನದಲ್ಲಿ ಮೂರು ದಿನ ಕಬಡ್ಡಿ ಪಂದ್ಯಾವಳಿ ನಡೆಯುತ್ತದೆ. ದುಡಿಯಲು ಹೋದವರೆಲ್ಲ ಹಬ್ಬಕ್ಕೆ ಮನೆಗೆ ಬಂದಿರುತ್ತಾರೆ. ಮಧ್ಯಾಹ್ನ ಹೋಳಿಗೆ ಉಂಡು, ಒಂದು ಸಣ್ಣ ನಿದ್ದೆ ತೆಗೆದು, ಹೊಸ ಅಂಗಿಯ ಮಡಿಕೆ ಕೂಡ ಬಿಡಿಸದೆ ಮೈದಾನಕ್ಕೆ ಬಂದರೆ ಅಲ್ಲಿ ಪಂದ್ಯ, ಪಂದ್ಯದ ನಡುವೆ ಮೈಕಿನಲ್ಲಿ ಹಾಡು, ಕೈಯಲ್ಲಿ ಮಂಡಕ್ಕಿ ಗಿರಮಿಟ್ಟಿನ ಪೊಟ್ಟಣ, ಅದರ ಮೇಲೊಂದು ಬಿಸಿ ಮಿರ್ಚಿ ಬಜ್ಜಿ. ಸಂಜೆಗೆ ಊರ ಹುಡುಗರದೇ ನಾಟಕ. ಹಬ್ಬವೆಂದರೆ ಇನ್ನೇನು ಬೇಕು ಹೇಳಿ! ಆ ಮಿರ್ಚಿ ಎಲ್ಲಿಂದ ಬಂತು ಎಂದು ತಿರುಗಿ ನೋಡುವ ಪುರಸೊತ್ತು ಯಾರಿಗೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ.

ಲಗಮವ್ವನ ಗಾಡಿ ನಿಲ್ಲುವುದು ಮೈದಾನದ ಪಡುವಣ ಅಂಚಿನ ಬೇವಿನ ಮರದ ಕೆಳಗೆ. ದೀಪಾವಳಿಯ ಹೊತ್ತಿಗೆ ಗಾಳಿ ಮೂಡಣದಿಂದ ಬೀಸುತ್ತದೆ. ಆಟಗಾರರ ಮೂಗಿಗೆ ಹೊಗೆ ಹೋಗಬಾರದೆಂದು ಪಂಚ ಕಮಿಟಿಯವರು ಅಲ್ಲೇ ಜಾಗ ಗುರುತು ಮಾಡಿದ್ದಾರೆ. ಗ್ಯಾಸ್ ಭಟ್ಟಿಯ ಉರಿ ಆರಬಾರದೆಂದರೆ ಲಗಮವ್ವ ತಗಡಿನ ಮರೆ ಕಟ್ಟಿ, ಅದೂ ಸಾಲದೆ ತಮ್ಮ ಮೈಯನ್ನೇ ಗಾಳಿಗೆ ಅಡ್ಡ ಒಡ್ಡಿ ನಿಲ್ಲಬೇಕು. ಹಾಗೆ ನಿಂತರೆ ಕಡಾಯಿ ಮುಂದೆ, ಪಂದ್ಯ ಬೆನ್ನ ಹಿಂದೆ. ಇಪ್ಪತ್ತೊಂದು ವರ್ಷ ಆ ಮೈದಾನದಲ್ಲಿ ಮಿರ್ಚಿ ಕರಿದ ಈ ಹೆಣ್ಣುಮಗಳು ಒಂದೇ ಒಂದು ಪಂದ್ಯವನ್ನೂ ಕಣ್ಣಾರೆ ಕಂಡಿಲ್ಲ.

ಕತ್ತು ತಿರುಗಿಸಿ ನೋಡಬಹುದಿತ್ತಲ್ಲ ಎಂದರೆ ಲಗಮವ್ವ ತಮ್ಮ ಅತ್ತೆಯ ಹೆಸರು ತೆಗೆಯುತ್ತಾರೆ. ಈ ಕಸುಬು ಕಲಿಸಿದವರು ಅತ್ತೆ ಗುರುಲಿಂಗವ್ವ. ಒಮ್ಮೆ ಯಾರೋ ಕರೆದರೆಂದು ತಿರುಗಿದಾಗ ಅತ್ತೆಯ ಸೆರಗು ಕಡಾಯಿಯ ಹಿಡಿಗೆ ಸಿಕ್ಕು, ಮೊಣಕೈಯಿಂದ ಬೆರಳತನಕ ಬೆಂದಿತ್ತು. "ಸಾಯೂತನಕ ಒಂದ ಮಾತ ಹೇಳ್ಕೋತ ಹೋದಳ್ರಿ ನಮ್ಮತ್ತಿ. ಗಂಡಗ ಬೆನ್ನ ಕೊಟ್ರೂ ಅಡ್ಡಿಯಿಲ್ಲ, ಕಾದ ಎಣ್ಣಿಗೆ ಬೆನ್ನ ಕೊಡಬ್ಯಾಡ ಅಂತ." ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಎಣ್ಣೆ ಮಾತ್ರ ದಿನಾ ಕಾಯುತ್ತದೆ, ಲಗಮವ್ವ ಮಾತು ಮೀರಿಲ್ಲ.

ಕಣ್ಣಿಗೆ ಇಲ್ಲದ ಪಂದ್ಯ ಕಿವಿಗೆ ಇದೆ. ಮೈಕು ಹಿಡಿಯುವವರು ಊರಿನ ಟೇಲರ್ ಮುರ್ತುಜಸಾಬ. ಗುಡೂರಿಗೆ ಒಂದು ಪಾಯಿಂಟು ಬಂದರೆ ಇವರ ದನಿ ಹುನಗುಂದಕ್ಕೆ ಕೇಳಬೇಕು, ಎದುರಿನವರಿಗೆ ಬಂದರೆ ಯಾರೋ ತೀರಿಕೊಂಡ ಸುದ್ದಿ ಹೇಳಿದ ಹಾಗೆ ಮೆತ್ತಗೆ ಹೇಳಿ ಮುಗಿಸುತ್ತಾರೆ. ಲಗಮವ್ವನಿಗೆ ಇದೇ ಸಂಕಟ. ಅವರು ಸೊಸೆಯಾಗಿ ಬಂದದ್ದು ಗುಡೂರಿಗೆ, ತವರು ಬೇವೂರು. ತವರಿನ ಕಡೆಯ ಕಾಗೆ ಬಂದರೂ ಕರೆದು ತುತ್ತು ಹಾಕುವ ಜೀವ, ತವರಿನ ತಂಡವೇ ಬಂದರೆ ಸುಮ್ಮನಿದ್ದೀತೇ? ಬೇವೂರಿನ ಅಂದಪ್ಪ ದಾಳಿಗೆ ಹೊರಟನೆಂದು ಮೈಕಿನಲ್ಲಿ ಕೇಳಿದರೆ ಸಾಕು, ಹಿಟ್ಟಿನಲ್ಲದ್ದಿದ ಕಾಯಿ ಬೆರಳಲ್ಲೇ ನಿಲ್ಲುತ್ತದೆ. ಆತ ಉಸಿರು ಹಿಡಿದಷ್ಟು ಹೊತ್ತು ಇವರೂ ಹಿಡಿಯುತ್ತಾರೆ. ಹದಿಮೂರು ವರ್ಷದಿಂದ ಹೀಗೇ ನಡೆದಿದೆ, ಆತನ ಮುಖ ಮಾತ್ರ ಗೊತ್ತಿಲ್ಲ. ಆಟ ಮುಗಿಸಿ ಹತ್ತಾರು ಹುಡುಗರು ಗಾಡಿಗೆ ಮುಗಿಬೀಳುವಾಗ ಇವರ ಕಣ್ಣು ಎಣ್ಣೆಯ ಮೇಲಿರುತ್ತದೆ.

"ಮುರ್ತುಜಸಾಬರ ಬಾಯಾಗ ನಮ್ಮ ಬೇವೂರು ಯಾವಾಗಲೂ ಸೋತs ಇರ್ತದ್ರಿ. ಗೆದ್ದಾಗೂ ಸೋತ್ಹಂಗ ಹೇಳ್ತಾರ. ಖರೇ ಆಟ ಏನೈತಿ ಅಂತ ನನ್ನ ಕಣ್ಣಿಂದ ಒಮ್ಮಿ ನೋಡಬೇಕು."

ಪಕ್ಕದ ಗಿರಮಿಟ್ಟಿನ ಗಾಡಿ ಸುಗರಾ ಅವರದು. ಮೈಕಿನ ಮುರ್ತುಜಸಾಬರ ಹೆಂಡತಿ, ಲಗಮವ್ವನಿಗಿಂತ ಏಳೆಂಟು ವರ್ಷ ಚಿಕ್ಕವರು, ಗುಡೂರು ತಂಡದ ಕಟ್ಟಾ ಅಭಿಮಾನಿ. ಇಬ್ಬರೂ ವರ್ಷವಿಡೀ ಒಂದೇ ಟಂಟಂ ಆಟೋದಲ್ಲಿ ಸಾಮಾನು ಹೇರಿಕೊಂಡು ತಿರುಗುತ್ತಾರೆ. ಬೇಸಿಗೆ ರಜೆಯಲ್ಲಿ ಇಳಕಲ್ಲಿನ ಟೆನಿಸ್ ಬಾಲ್ ಕ್ರಿಕೆಟ್ಟು, ಡಿಸೆಂಬರಿನಲ್ಲಿ ಶಾಲೆಗಳ ಟೂರು ಬಂದಾಗ ಬಾದಾಮಿ, ಸಂಕ್ರಾಂತಿಗೆ ಕುಳಗೇರಿ ಕ್ರಾಸಿನ ವಾಲಿಬಾಲು. ಎಲ್ಲಿ ಜನಕ್ಕೆ ರಜೆಯೋ ಅಲ್ಲಿ ಇವರಿಗೆ ಕೆಲಸ. ದಿನಕ್ಕೆ ಹನ್ನೆರಡು ಕಿಲೋ ಕಡಲೆ ಹಿಟ್ಟು, ಒಂಬತ್ತು ತಾಸು ನಿಂತ ಕಾಲು. ಅಷ್ಟೂ ದಿನ ಇಬ್ಬರೂ ಜಗಳವಾಡುತ್ತಲೇ ಇರುತ್ತಾರೆ.

"ಏನಕ್ಕಾ, ನಿಮ್ಮ ಬೇವೂರಿನವರು ಈ ಸಲಾನೂ ಮಿರ್ಚಿ ತಿನ್ನಾಕಷ್ಟs ಬಂದಾರೇನು?" ಎಂದು ಸುಗರಾ ಕೆಣಕುತ್ತಾರೆ.

"ನಿನ್ನ ಗಂಡನ ಕೈಯಾಗಿನ ಮೈಕ್ ಕಸಗೊಂಡ್ರ ನಿಮ್ಮ ಗುಡೂರಿಗೆ ಒಂದ ಪಾಯಿಂಟೂ ಬರೂದಿಲ್ಲ, ಸುಮ್ನಿರs" ಎಂದು ಲಗಮವ್ವ ಕರಿಯುವ ಝಾರಾದ ಎಣ್ಣೆ ಝಾಡಿಸುತ್ತಾರೆ.

ಈ ಪಂದ್ಯಾವಳಿಗೆ ಗುರುಲಿಂಗವ್ವನ ಕಾಲದಿಂದ ಬಂದ ಒಂದು ಪದ್ಧತಿಯಿದೆ. ಫೈನಲ್ಲಿನ ಸೀಟಿ ಊದಿದ ಕೂಡಲೇ, ಬಹುಮಾನದ ಢಾಲು ಕೈಗೆ ಬರುವ ಮೊದಲು, ಗೆದ್ದ ತಂಡದ ಹನ್ನೆರಡು ಮಂದಿಗೆ ಹನ್ನೆರಡು ಬಿಸಿ ಮಿರ್ಚಿ ಬರಬೇಕು. ಗೆದ್ದವರು ಯಾವ ಊರಿನವರೇ ಇರಲಿ, ಪುಕ್ಕಟೆ. ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಆಟದ ಕೊನೆಯ ಎರಡು ನಿಮಿಷ ಬಾಕಿ ಎಂದು ಮೈಕು ಹೇಳಿದಾಗ ಕಾಯಿ ಎಣ್ಣೆಗಿಳಿಯಬೇಕು, ಸೀಟಿಗೂ ಮಿರ್ಚಿಗೂ ಲೆಕ್ಕ ಸರಿಹೋಗಬೇಕು.

ಈ ವರ್ಷ ಸಂಕಟಕ್ಕೆ ಬಂದದ್ದು ಅದೇ. ಇವತ್ತಿನ ಫೈನಲ್ಲಿಗೆ ಬೇವೂರು ಮೊದಲ ಬಾರಿಗೆ ಬಂದಿದೆ, ಎದುರಿಗೆ ಗುಡೂರು. ಮೊಣಕಾಲು ನೋವಿನ ಅಂದಪ್ಪ ಇದೇ ತನ್ನ ಕೊನೆಯ ಪಂದ್ಯವೆಂದು ಹೇಳಿದ್ದಾನೆ. ಮುಂದಿನ ದೀಪಾವಳಿಗೆ ಮೈಕಿನಲ್ಲಿ ಆ ಹೆಸರು ಬರುವುದಿಲ್ಲ. ನೋಡುವುದಿದ್ದರೆ ಇವತ್ತೇ. ಆದರೆ ನೋಡಲು ಹೋದರೆ ಕಡಾಯಿ ಯಾರು ಕಾಯಬೇಕು? ಭಟ್ಟಿ ಆರಿಸಿದರೆ ಗೆದ್ದವರಿಗೆ ಮಿರ್ಚಿ ಎಲ್ಲಿಂದ ಬರಬೇಕು? ಲಗಮವ್ವ ಬೆಳಗಿನಿಂದ ಮೂರು ಸಲ ಉಪ್ಪಿನ ಪುಡಿಯ ಡಬ್ಬಿ ಮರೆತು ಮನೆಗೆ ಹೋಗಿ ಬಂದಿದ್ದಾರೆ.

ಪರಿಹಾರ ಹೇಳಿದವರು ಸುಗರಾ. ಫೈನಲ್ ಶುರುವಾಗುವ ಹೊತ್ತಿಗೆ ಗಿರಮಿಟ್ಟಿನ ಬುಟ್ಟಿಗೆ ಬಟ್ಟೆ ಮುಚ್ಚಿ ಬಂದು, ಲಗಮವ್ವನ ಕೈಯಿಂದ ಝಾರಾ ಕಸಿದುಕೊಳ್ಳುತ್ತಾರೆ. "ಹೋಗಕ್ಕಾ. ಎಣ್ಣಿ ಬಂದಾಗ ಕಣ್ಣ ಮುಚ್ಚಿಕೊಂಡ್ರಂತ, ಹಂಗ ಮಾಡಬ್ಯಾಡ. ನಾ ನೋಡ್ಕೋತೇನಿ."

"ನಿನಗ ಬರೂದಿಲ್ಲs ಸುಗರಾ."

"ಇಪ್ಪತ್ತ ವರ್ಷ ನಿನ್ನ ಮಗ್ಗಲಾಗ ನಿಂತೇನಿ. ಇಷ್ಟೂ ಬರಾಂಗಿಲ್ಲೇನು? ಹೋಗು. ನಿಮ್ಮವರು ಸೋಲೂದನ್ನ ಕಣ್ತುಂಬ ನೋಡ್ಕೊಂಡ ಬಾ."

ಲಗಮವ್ವ ಸೆರಗಿಗೆ ಕೈ ಒರೆಸಿಕೊಂಡು ಹೋಗುತ್ತಾರೆ. ಕಮಿಟಿಯ ಅಮರೇಶ ತನ್ನ ಕುರ್ಚಿ ಬಿಟ್ಟುಕೊಟ್ಟರೂ ಕೂರುವುದಿಲ್ಲ. ಗೆರೆಯಿಂದ ಮೂರು ಹೆಜ್ಜೆ ಈಚೆ ನಿಂತು ಕೇಳುವ ಮೊದಲ ಪ್ರಶ್ನೆ: "ಇದ್ರಾಗ ಅಂದಪ್ಪ ಯಾಂವ?"

ಅಮರೇಶ ಬೆರಳು ಮಾಡಿ ತೋರಿಸುತ್ತಾನೆ. ಕುಳ್ಳನೆಯ ಆಳು, ಮುಂದಲೆ ಕೂದಲು ಉದುರಿದೆ, ಎಡ ಮೊಣಕಾಲಿಗೆ ಪಟ್ಟಿ. ಲಗಮವ್ವ ಒಂದು ಕ್ಷಣ ಬಾಯಿಯ ಮೇಲೆ ಕೈಯಿಡುತ್ತಾರೆ. "ಇಷ್ಟs ಅದಾನೇನು! ಮೈಕಿನಾಗ ಭಾಳ ಎತ್ತರಿದ್ದನಲ್ಲೋ!" ಸುತ್ತಲಿನವರು ನಗುತ್ತಾರೆ, ಅವರೂ ನಗುತ್ತಾರೆ. ನಗುತ್ತಲೇ ಕಣ್ಣು ತುಂಬುತ್ತದೆ. ಹದಿಮೂರು ವರ್ಷ ಇಷ್ಟು ಸಣ್ಣ ಜೀವಕ್ಕಾಗಿ ಉಸಿರು ಹಿಡಿದಿದ್ದೆನಲ್ಲ ಎಂದು ಅವರಿಗೆ ಆತನ ಮೇಲೆ ಮೊದಲಿಗಿಂತ ಹೆಚ್ಚು ಅಕ್ಕರೆ ಬರುತ್ತದೆ.

ನೋಡುವುದು ಕೇಳಿದಷ್ಟು ಸುಲಭವಲ್ಲ. ಯಾರು ಯಾರನ್ನು ಮುಟ್ಟಿದರು, ಪಾಯಿಂಟು ಯಾರಿಗೆ, ಒಂದೂ ತಿಳಿಯುವುದಿಲ್ಲ. ಮೊದಲ ಹತ್ತು ನಿಮಿಷ ಲಗಮವ್ವ ಕಣ್ಣು ಮುಚ್ಚಿ ಮೈಕು ಕೇಳುತ್ತಾರೆ, ಮತ್ತೆ ಕಣ್ಣು ಬಿಟ್ಟು ಹೊಂದಿಸಿ ನೋಡುತ್ತಾರೆ. ದ್ವಿತೀಯಾರ್ಧದ ಹೊತ್ತಿಗೆ ಕಣ್ಣು ಕಿವಿ ಎರಡೂ ಒಂದೇ ದಾರಿಗೆ ಬರುತ್ತವೆ. ಆಮೇಲೆ ಅವರ ಬಾಯಿಗೆ ತಡೆಯಿಲ್ಲ. ಗುಡೂರಿನ ಜನರ ನಡುವೆ ನಿಂತು, ಗುಡೂರಿನ ಸೊಸೆ, "ಹಿಡೀರಪಾ ಅವನ್ನ! ಬೇವೂರ ಗಾಳಿ ಕುಡದೀರಿ, ನಾಚಿಕಿ ಬರೂದಿಲ್ಲೇನು!" ಎಂದು ಕೂಗುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಪ್ಪತ್ತೊಂದು ವರ್ಷ ಅವರ ಕೈಯ ಉಪ್ಪು ತಿಂದವರು.

ಕೊನೆಯ ದಾಳಿ. ಗುಡೂರು ಮೂವತ್ತೊಂದು, ಬೇವೂರು ಮೂವತ್ತು. ಅಂದಪ್ಪ ಹೊರಡುತ್ತಾನೆ. ಒಬ್ಬನನ್ನು ಮುಟ್ಟಿ ಬಂದರೆ ಸಮ, ಇಬ್ಬರಾದರೆ ಢಾಲು. ಮೂಲೆಯಲ್ಲಿ ಕಾದಿದ್ದ ಗುಡೂರಿನ ಹತ್ತೊಂಬತ್ತರ ಪೋರ ಫೈಜಾನ, ಅಂದಪ್ಪನ ನೋವಿನ ಕಾಲನ್ನು ಬಿಟ್ಟು ಇನ್ನೊಂದು ಕಾಲನ್ನು ಹಾರಿ ಹಿಡಿಯುತ್ತಾನೆ, ಅವನ ಹಿಂದೆ ಇನ್ನಿಬ್ಬರು. ನಡುಗೆರೆಗೆ ಅಂದಪ್ಪನ ಬೆರಳು ಒಂದು ಗೇಣು ದೂರ. ಸೀಟಿ ಊದುತ್ತದೆ. ಮುರ್ತುಜಸಾಬರ ದನಿ ಮೈಕನ್ನು ಹರಿದುಕೊಂಡು ಹೊರಬರುತ್ತದೆ, ಊರಿಗೆ ಊರೇ ಅಂಕಣಕ್ಕೆ ನುಗ್ಗಿ ಗುಡೂರಿನ ನಾಯಕನನ್ನು ಹೆಗಲಿಗೇರಿಸುತ್ತದೆ.

ಲಗಮವ್ವ ನಿಂತಲ್ಲೇ ನಿಂತಿದ್ದಾರೆ. ಅಂದಪ್ಪ ಮಣ್ಣಿನಲ್ಲಿ ಬೋರಲಾಗಿ ಬಿದ್ದಿದ್ದಾನೆ. ಸ್ವಲ್ಪ ಹೊತ್ತು ಏಳುವುದಿಲ್ಲ. ಆಮೇಲೆ ಎರಡೂ ಕೈ ಊರಿ, ಒಂದು ಕಾಲು ಎಳೆದು, ನಿಧಾನ ಏಳುತ್ತಾನೆ. ಎದ್ದವನು ಮೊದಲು ಮಾಡುವ ಕೆಲಸ, ತನ್ನ ಕಾಲು ಹಿಡಿದ ಫೈಜಾನನ ಕೈ ಹಿಡಿದು ಎಬ್ಬಿಸಿ, ಅವನ ಬೆನ್ನ ಮೇಲಿನ ಮಣ್ಣು ಕೊಡವುವುದು. ಕಿವಿಯಲ್ಲಿ ಏನೋ ಹೇಳುತ್ತಾನೆ, ಹುಡುಗ ತಲೆ ತಗ್ಗಿಸುತ್ತಾನೆ. ನಂತರ ಬಾಗಿ, ನಡುಗೆರೆಯ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಕುಂಟುತ್ತಾ ಹೊರಗೆ ನಡೆಯುತ್ತಾನೆ. ಆ ಗದ್ದಲದಲ್ಲಿ ಇದನ್ನು ಪೂರ್ತಿ ನೋಡಿದವರು ಲಗಮವ್ವ ಒಬ್ಬರೇ ಇರಬೇಕು.

ಅತ್ತ ಗಾಡಿಯಲ್ಲಿ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ನಿಮಿಷ ಬಾಕಿ ಎಂದಾಗ ಸುಗರಾ ಲೆಕ್ಕ ತಪ್ಪದೆ ಹನ್ನೆರಡು ಕಾಯಿ ಬಿಟ್ಟಿದ್ದಾರೆ. ಕೊನೆಯ ದಾಳಿ ಎಂದು ಗಂಡ ಕೂಗಿದ್ದೇ ತಡ, ಎಣ್ಣೆಗೆ ಬೆನ್ನು ಕೊಟ್ಟು ತುದಿಗಾಲಲ್ಲಿ ನಿಂತುಬಿಟ್ಟಿದ್ದಾರೆ. ಹನ್ನೆರಡೂ ಇದ್ದಿಲು. ಲಗಮವ್ವ ಬಂದು ನೋಡಿ, ಮೊದಲು ಸುಗರಾರ ಎರಡೂ ಕೈ ಹಿಡಿದು ಸುಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಬೈಯುತ್ತಾರೆ. ತಮ್ಮೂರು ಗೆದ್ದರೂ ಸುಗರಾರ ಮುಖದಲ್ಲಿ ಗೆಲುವಿಲ್ಲ. "ತಪ್ಪಾತಕ್ಕಾ. ನಿಮ್ಮಾಂವ ಮುಟ್ಟೇಬಿಟ್ಟ ಅಂದ್ಕೊಂಡಿದ್ದೆ" ಎನ್ನುತ್ತಾರೆ.

ಪದ್ಧತಿ ಪದ್ಧತಿಯೇ. ಹನ್ನೆರಡು ಕರಕಲು ಮಿರ್ಚಿಯೂ ಗೆದ್ದವರ ಕೈಗೆ ಹೋಗುತ್ತವೆ. "ಆಯಿ, ಇವು ಸುಟ್ಟಾವಲ್ಲ" ಎಂದ ನಾಯಕನಿಗೆ, "ಗೆದ್ದೀರಿಲ್ಲೋ, ಸುಮ್ನ ತಿನ್ರಿ" ಎಂದು ಲಗಮವ್ವ ಜೋರು ಮಾಡುತ್ತಾರೆ. ತೊಟ್ಟು ಹಿಡಿದು ಹನ್ನೆರಡು ಮಂದಿಯೂ ತಿನ್ನುತ್ತಾರೆ.

ಬೇವೂರಿನವರು ಗಾಡಿಗೆ ಬರುವುದು ಎಲ್ಲರಿಗಿಂತ ಕಡೆಗೆ. ಅಂದಪ್ಪ ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಾನೆ. ತವರೂರಿನ ಮಗಳೆಂದು ಗೊತ್ತಿರುವುದರಿಂದ ಅತ್ತಿ ಎಂದೇ ಕರೆಯುತ್ತಾನೆ.

"ಸೋತಿವಿ ಅತ್ತಿ."

"ನೋಡೇನಿ."

ಆತ ತಲೆ ಎತ್ತುತ್ತಾನೆ. "ನೀ? ನೀ ಯಾವಾಗ ನೋಡಿದಿ?"

"ಮೊದಲಿಂದ ಕಡೀತನಕ ನೋಡೇನಪಾ. ಆ ಹುಡುಗನ ಬೆನ್ನ ಝಾಡಿಸಿದ್ದೂ ನೋಡೇನಿ. ತಿನ್ನು, ಆರ್ತದ."

ಅಂದಪ್ಪ ಕೈಯಲ್ಲಿ ಮಿರ್ಚಿ ಹಿಡಿದುಕೊಂಡೇ ಅಳುತ್ತಾನೆ, ಯಾರಿಂದಲೂ ಮುಚ್ಚಿಡದೆ. ಲಗಮವ್ವ ಆತನ ತಟ್ಟೆಗೆ ಇನ್ನೆರಡು ಹಾಕಿ ಭಟ್ಟಿಯ ಉರಿ ತಗ್ಗಿಸುತ್ತಾರೆ.

ಬಿಸಿಲು ಇಳಿದಿದೆ. ನಾಟಕದ ಪರದೆ ಕಟ್ಟುವ ಸದ್ದು ಕೇಳುತ್ತಿದೆ, ಇನ್ನು ಇನ್ನೂರು ಮಿರ್ಚಿಗೆ ಹಿಟ್ಟು ಕಲಸಬೇಕು. ಇಷ್ಟು ವರ್ಷ ಕಾದು ಕಡೆಗೆ ನೋಡಿದ್ದು ತವರಿನ ಸೋಲನ್ನೇ ಆಯಿತಲ್ಲ, ನೋಡದೇ ಇದ್ದರೇ ಚೆನ್ನಾಗಿತ್ತೇ ಎಂದು ಕೇಳಿದರೆ ಲಗಮವ್ವ ಹಿಟ್ಟಿನ ಕೈ ನಿಲ್ಲಿಸುತ್ತಾರೆ.

"ಸೋತದ್ದು ನಾ ಭಾಳ ಸಲ ಕೇಳೇನ್ರಿ. ಔಟ್ ಅಂತಾರ, ಹಾಡ ಹಚ್ಚತಾರ, ಮುಗೀತು. ಬಿದ್ದಾಂವ ಹೆಂಗ ಏಳ್ತಾನ ಅನ್ನೂದನ್ನ ಮೈಕಿನಾಗ ಯಾರೂ ಹೇಳೂದಿಲ್ರಿ. ಅದನ್ನ ನಾ ನೋಡೇನಿ."